ಅಪ್ಪಣೆ ಕೇಳದೆ ಬರೆದ ಆಟಗಳು

ಆಟವಾಡಿದವರಿಗೆ ಆಟದ ಹೆಸರು ನೆನಪಿರುತ್ತದೆ. ಅದನ್ನು ಕಟ್ಟಿದವನ ಹೆಸರು ನೆನಪಿರುವುದಿಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಮನೆಗೆ ಒಂದು ಟಿ.ವಿ. ಗೇಮ್ ಪೆಟ್ಟಿಗೆ ಬಂದಿತ್ತು. ಜಪಾನಿನ ನಿಂಟೆಂಡೊ ಯಂತ್ರದ ನಕಲು ಅದು. ಆ ಕಾಲದಲ್ಲಿ ನಮ್ಮ ಊರುಗಳ ಅಂಗಡಿಗಳಲ್ಲಿ ಇಂಥವೇ ಸಿಗುತ್ತಿದ್ದುವು. ಜೊತೆಗೆ ಬಂದ ಹಳದಿ ಕ್ಯಾಸೆಟ್ಟಿನ ಮೇಲೆ 9999 ಆಟಗಳೆಂದು ಬರೆದಿತ್ತು. ಮಕ್ಕಳೆಲ್ಲ ಕುಳಿತು ಎಣಿಸಿದಾಗ ನಿಜವಾದ ಆಟಗಳು ಕೆಲವೇ ಇದ್ದುವು; ಉಳಿದುವೆಲ್ಲ ಅವುಗಳದೇ ಪುನರಾವೃತ್ತಿ. ಅದಕ್ಕಿಂತ ವಿಚಿತ್ರವಾದ ಸಂಗತಿ ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ. ಆ ಕ್ಯಾಸೆಟ್ಟಿನ ಒಳಗಾಗಲಿ ಹೊರಗಾಗಲಿ ಆಟ ಮಾಡಿದವರ ಹೆಸರೇ ಇರಲಿಲ್ಲ. ನಕಲು ಮಾಡಿದವರು ಅದನ್ನು ಅಳಿಸಿಹಾಕಿದ್ದರು.

ಹಾಗೆಂದು, ಪರವಾನಗಿ ಇಲ್ಲದ ಆಟವೆಲ್ಲ ಕಳ್ಳಮಾಲೆಂದು ತಿಳಿದರೆ ತಪ್ಪಾದೀತು. ಯಂತ್ರ ಮಾಡಿದ ಕಂಪೆನಿಯ ಅಪ್ಪಣೆ ಕೇಳದೆ, ತಮ್ಮ ಸ್ವಂತ ಬುದ್ಧಿಯಿಂದ, ಒಬ್ಬರೇ ಕುಳಿತು ಹೊಸ ಆಟ ಬರೆದವರ ಪರಂಪರೆಯೊಂದುಂಟು. ಹೆಸರನ್ನು ಅಳಿಸುವವರಿಗೂ ಈ ಪರಂಪರೆಗೂ ಸಂಬಂಧವಿಲ್ಲ. ಇದು ಹುಟ್ಟಿದ್ದೇ ತಮ್ಮ ಹೆಸರನ್ನು ಉಳಿಸಿಕೊಳ್ಳಬೇಕೆಂಬ ಹಟದಿಂದ. ಅದರ ಕಥೆ ಓದುಗರಿಗೆ ರುಚಿಸೀತೆಂದು ನಂಬಿ ಇಲ್ಲಿ ಹೇಳುತ್ತಿದ್ದೇನೆ.

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿದ್ದ ಅಟಾರಿ ಎಂಬ ಕಂಪೆನಿ 1977ರಲ್ಲಿ ಒಂದು ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಮುಂದೆ ಅದಕ್ಕೆ ಅಟಾರಿ 2600 ಎಂದು ಹೆಸರಾಯಿತು. ಅದರ ನೆನಪಿನ ಶಕ್ತಿ 128 ಬೈಟು ಮಾತ್ರ. ಇದೆಷ್ಟು ಕಡಮೆ ಎಂದರೆ, ಇಂದಿನ ಗಣಕಗಳು ಬರಹವನ್ನು ಕೂಡಿಡುವ ರೂಢಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು ಬೇಕು. 128 ಬೈಟಿನಲ್ಲಿ 42 ಚಿಹ್ನೆಗಳು ಹಿಡಿದಾವು. ಭಾಮಿನಿ ಷಟ್ಪದಿಯ ಒಂದು ಪದ್ಯಕ್ಕೂ ಅದು ಸಾಲದು. ಆಟವನ್ನು ಬರೆದಿಡುವ ಕ್ಯಾಸೆಟ್ಟಿನಲ್ಲಿಯೂ ಮೊದಮೊದಲು ಎರಡು, ಬಳಿಕ ನಾಲ್ಕು ಸಾವಿರ ಬೈಟುಗಳಷ್ಟೇ ಜಾಗ.

ಟೆಲಿವಿಷನ್ನಿನ ಕಿರಣವು ಪರದೆಯ ಮೇಲೆ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ, ಗೆರೆಯ ಮೇಲೆ ಗೆರೆ ಎಳೆಯುತ್ತ ಹೋಗುತ್ತದೆ. ಅಮೆರಿಕದ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 262 ಗೆರೆ. ಸೆಕೆಂಡಿಗೆ ಸುಮಾರು 60 ಚಿತ್ರ. ಚಿತ್ರವನ್ನು ಮೊದಲೇ ಬರೆದು ಇಟ್ಟುಕೊಳ್ಳಲು ಈ ಯಂತ್ರದಲ್ಲಿ ಸ್ಥಳವಿಲ್ಲ. ಆದುದರಿಂದ ಕಿರಣ ಓಡುತ್ತಿರುವಾಗಲೇ, ಈಗ ಏನನ್ನು ಬರೆಯಬೇಕೆಂದು ಆಟದ ಬರಹವು ಗೆರೆಗೆರೆಗೂ ಹೇಳುತ್ತಿರಬೇಕು. ಒಂದು ಗೆರೆ ಮುಗಿಯುವುದರೊಳಗೆ ಯಂತ್ರದ ನಾಡಿ 76 ಸಲ ಮಿಡಿಯುತ್ತದೆ. ಎಷ್ಟು ಸಣ್ಣ ಆಜ್ಞೆಗಾದರೂ ಎರಡು ಮಿಡಿತ ಬೇಕು. ಛಂದಸ್ಸಿನಲ್ಲಿ ಮಾತ್ರೆ ತಪ್ಪಿದರೆ ಕಿವಿಗೆ ಕೆಟ್ಟೀತು; ಇಲ್ಲಿ ಎಣಿಕೆ ತಪ್ಪಿದರೆ ಚಿತ್ರವೇ ಹರಿದುಹೋಗುತ್ತದೆ. ಕಾಣುವ ಗೆರೆಗಳು ಸುಮಾರು 192. ಉಳಿದ 70 ಗೆರೆಗಳ ಬಿಡುವಿನಲ್ಲಿ ಲೆಕ್ಕಾಚಾರವೆಲ್ಲ ಆಗಬೇಕು: ಆಟಗಾರನ ಕೈಯೆತ್ತ ತಿರುಗಿತು, ಯಾರಿಗೆ ಏಟು ಬಿತ್ತು, ಅಂಕ ಎಷ್ಟಾಯಿತು.

ಇಂಥ ಇಕ್ಕಟ್ಟಿನಲ್ಲಿಯೇ ಜಾಣ್ಮೆ ಚಿಗುರಿತು. ಯಂತ್ರಕ್ಕೆ ಗೊತ್ತಿದ್ದುದು ಚಲಿಸುವ ಎರಡು ಬೊಂಬೆ, ಎರಡು ಗುಂಡು, ಒಂದು ಚೆಂಡು, ಇಷ್ಟೇ. 1980ರಲ್ಲಿ ರಿಕ್ ಮಾರರ್ ಎಂಬಾತ ಇದೇ ಯಂತ್ರದಲ್ಲಿ ‘ಸ್ಪೇಸ್ ಇನ್ವೇಡರ್ಸ್’ ಆಟವನ್ನು ತಂದು 36 ಶತ್ರುಗಳನ್ನು ಸಾಲುಸಾಲಾಗಿ ನಿಲ್ಲಿಸಿದ. ಒಂದೊಂದು ಬೊಂಬೆಗೆ ಮೂರು ಮೂರು ಪ್ರತಿ ತೆಗೆದರೆ ಒಂದು ಸಾಲಿಗೆ ಆರಾಯಿತು. ಕಿರಣ ಕೆಳಗಿಳಿದಂತೆಲ್ಲ ಅವೇ ಬೊಂಬೆಗಳಿಗೆ ಹೊಸ ವೇಷ ತೊಡಿಸಿದರೆ ಆರು ಸಾಲಾಯಿತು.

ಆಗ ಒಂದು ಆಟವೆಂದರೆ ಒಬ್ಬನ ಕೃತಿ. ಕಲ್ಪನೆ, ಚಿತ್ರ, ಶಬ್ದ, ಬರಹ ಎಲ್ಲವೂ ಒಬ್ಬನದೇ. ಆದರೆ ಪೆಟ್ಟಿಗೆಯ ಮೇಲೆ ಕಂಪೆನಿಯ ಹೆಸರು ಮಾತ್ರ. ವಾರನ್ ರಾಬಿನೆಟ್ ಎಂಬಾತ 1979ರಲ್ಲಿ ‘ಅಡ್ವೆಂಚರ್’ ಆಟವನ್ನು ಮುಗಿಸಿದಾಗ, ಯಾರಿಗೂ ಹೇಳದೆ ಅದರಲ್ಲೊಂದು ಗುಪ್ತ ಕೋಣೆಯನ್ನು ಕಟ್ಟಿದ. ಕಣ್ಣಿಗೆ ಬೀಳದಷ್ಟು ಸಣ್ಣ ಬೂದು ಚುಕ್ಕೆಯೊಂದನ್ನು ಹುಡುಕಿ ಹೊತ್ತು ತಂದವರಿಗೆ ಆ ಕೋಣೆ ತೆರೆಯುತ್ತಿತ್ತು. ಒಳಗೆ ಇದ್ದ ನಿಧಿ ಅವನ ಹೆಸರು. ಅವನು ಕೆಲಸ ಬಿಟ್ಟುಹೋದ ಮೇಲೆ, ಆಟವಾಡಿದ ಹುಡುಗನೊಬ್ಬ ಬರೆದ ಕಾಗದದಿಂದ ಕಂಪೆನಿಗೆ ಈ ವಿಷಯ ತಿಳಿಯಿತು.

ಇನ್ನು ನಾಲ್ವರು ಕೋಣೆ ಕಟ್ಟದೆ ನೇರವಾಗಿ ಹೋಗಿ ಕೇಳಿದರು. ಡೇವಿಡ್ ಕ್ರೇನ್, ಅಲನ್ ಮಿಲ್ಲರ್, ಬಾಬ್ ವೈಟ್‌ಹೆಡ್, ಲ್ಯಾರಿ ಕಪ್ಲಾನ್ ಎಂಬುವರು ಇವರು. ಕಂಪೆನಿಯ ಹಿಂದಿನ ವರ್ಷದ ಹತ್ತು ಕೋಟಿ ಡಾಲರುಗಳ ಕ್ಯಾಸೆಟ್ ವ್ಯಾಪಾರದಲ್ಲಿ ನೂರಕ್ಕೆ ಅರವತ್ತು ಪಾಲು ತಮ್ಮ ನಾಲ್ವರ ಆಟಗಳದೇ ಆಗಿತ್ತೆಂದು ಕ್ರೇನ್ ಮುಂದೆ ಹೇಳಿದ್ದಾರೆ. ಹೆಸರೂ ಬೇಕು, ಲಾಭದಲ್ಲಿ ಒಂದಿಷ್ಟು ಪಾಲೂ ಬೇಕು ಎಂಬುದು ಅವರ ಬೇಡಿಕೆ. ಬಟ್ಟೆಯ ಉದ್ಯಮದಿಂದ ಬಂದಿದ್ದ ಅಧ್ಯಕ್ಷ ರೇ ಕಸ್ಸಾರ್ ಒಪ್ಪಲಿಲ್ಲ. ಅವರು ಹೊರಬಂದು, ಜಿಮ್ ಲೆವಿ ಎಂಬುವರೊಡನೆ ಸೇರಿ, 1979ರ ಅಕ್ಟೋಬರಿನಲ್ಲಿ ಆ್ಯಕ್ಟಿವಿಷನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಪರರ ಯಂತ್ರಕ್ಕೆ ಆಟ ಮಾಡುವ ಸಂಸ್ಥೆ ಅದಕ್ಕೆ ಮೊದಲು ಇರಲಿಲ್ಲ. ಕೈಪಿಡಿಯಲ್ಲಿ ಆಟ ಬರೆದವನ ಹೆಸರು, ಭಾವಚಿತ್ರ, ಅವನದೇ ನಾಲ್ಕು ಮಾತು ಎಲ್ಲವೂ ಅಚ್ಚಾದುವು.

ಅಟಾರಿ 1980ರಲ್ಲಿ ದಾವೆ ಹೂಡಿತು. 1982ರಲ್ಲಿ ರಾಜಿಯಾಯಿತು: ಆ್ಯಕ್ಟಿವಿಷನ್ ಗೌರವಧನ ಕೊಡಬೇಕು, ಆಟ ಮಾಡಲು ಅಡ್ಡಿಯಿಲ್ಲ. ಅದೇ ವರ್ಷ ಕ್ರೇನ್ ಬರೆದ ‘ಪಿಟ್‌ಫಾಲ್’ ಹೊರಬಂದು ನಲವತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಖರ್ಚಾದುವು. ಅದರ ಕಾಡಿನಲ್ಲಿ 255 ದೃಶ್ಯಗಳು. ಅವನ್ನೆಲ್ಲ ಬರೆದಿಡಲು ಜಾಗವೆಲ್ಲಿ? ಒಂದೇ ಬೈಟಿನ ಸಂಖ್ಯೆಯೊಂದನ್ನು ನಿಯಮದಂತೆ ಹಿಂದಕ್ಕೂ ಮುಂದಕ್ಕೂ ಉರುಳಿಸಿ, ಅದರಿಂದಲೇ ಮರ, ಹೊಂಡ, ಮೊಸಳೆಗಳ ಸ್ಥಾನವನ್ನು ಕ್ರೇನ್ ಹೊರತೆಗೆದರು.

ದಾರಿ ತೆರೆದುದನ್ನು ಕಂಡು ಕೈಬಂದವರೆಲ್ಲ ನುಗ್ಗಿದರು. ಕಸದಂಥ ಆಟಗಳು ಅಂಗಡಿಯನ್ನು ತುಂಬಿದುವು. 1983ರಲ್ಲಿ ಮಾರುಕಟ್ಟೆ ಕುಸಿಯಿತು. ಆ ಸೆಪ್ಟೆಂಬರಿನಲ್ಲಿ ಮಾರಾಟವಾಗದ ಕ್ಯಾಸೆಟ್ಟುಗಳನ್ನು ನ್ಯೂ ಮೆಕ್ಸಿಕೊದ ಆಲಮೊಗೋರ್ಡೊ ಊರಿನ ತಿಪ್ಪೆಯಲ್ಲಿ ಹೂಳಿದರು. 2014ರಲ್ಲಿ ಅವನ್ನು ಅಗೆದು ತೆಗೆದದ್ದೂ ಆಯಿತು. ಈ ಕುಸಿತದ ಪಾಠ ಕಲಿತ ನಿಂಟೆಂಡೊ, 1985ರಲ್ಲಿ ಅಮೆರಿಕಕ್ಕೆ ಬಂದಾಗ ಯಂತ್ರದೊಳಗೇ ಒಂದು ಬೀಗವನ್ನಿಟ್ಟಿತು. ಕಂಪೆನಿ ಒಪ್ಪಿದ ಕ್ಯಾಸೆಟ್ಟಿಗಷ್ಟೇ ಯಂತ್ರ ಮಣಿಯುತ್ತಿತ್ತು. ಕಸವನ್ನು ತಡೆಯಲು ಬೀಗ ಬೇಕೆಂಬ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಬೀಗಕ್ಕೆ ಕಸವೂ ಒಂದೇ, ಹೊಸತೂ ಒಂದೇ.

1992ರಲ್ಲಿ ಎರಡು ತೀರ್ಪುಗಳು ಬಂದುವು. ಸುಳ್ಳು ಹೇಳಿ ಸರ್ಕಾರದ ಕೃತಿಸ್ವಾಮ್ಯ ಕಚೇರಿಯಿಂದ ನಿಂಟೆಂಡೊ ಬೀಗದ ಬರಹವನ್ನು ಪಡೆದಿದ್ದ ಅಟಾರಿ ಗೇಮ್ಸ್ ಸೋತಿತು. ಸೇಗಾ ಕಂಪೆನಿಯ ಯಂತ್ರವನ್ನು ಕೊಂಡುತಂದು, ಬಿಡಿಸಿ ನೋಡಿ, ಅದಕ್ಕೆ ಹೊಂದುವ ತನ್ನದೇ ಆಟಗಳನ್ನು ಮಾಡಿದ ಅಕೋಲೇಡ್ ಗೆದ್ದಿತು. ಹೊಂದಿಕೆಯ ಗುಟ್ಟನ್ನು ತಿಳಿಯಲು ಬೇರೆ ದಾರಿಯಿಲ್ಲದಿದ್ದಾಗ ಹಾಗೆ ಬಿಡಿಸಿ ನೋಡುವುದು ನ್ಯಾಯವೇ ಎಂದು ನ್ಯಾಯಾಲಯ ಹೇಳಿತು. ಈ ಅಕೋಲೇಡನ್ನು 1984ರಲ್ಲಿ ಕಟ್ಟಿದವರು ಯಾರೆಂದು ನೋಡಿದರೆ, ಅಟಾರಿಯಿಂದ ಹೊರಬಂದ ಆ ನಾಲ್ವರಲ್ಲಿ ಇಬ್ಬರು, ಮಿಲ್ಲರ್ ಮತ್ತು ವೈಟ್‌ಹೆಡ್!

1992ರ ಆರಂಭದಲ್ಲಿ ಅಟಾರಿ 2600ರ ತಯಾರಿಕೆ ನಿಂತಿತು. ಕಥೆ ಮುಗಿಯಬೇಕಾದುದು ಅಲ್ಲಿಯೇ; ಆದರೆ ಮುಗಿಯಲಿಲ್ಲ. 1995ರಲ್ಲಿ ಎಡ್ ಫೆಡರ್‌ಮೇಯರ್ ಎಂಬಾತ ಒಬ್ಬನೇ ಕುಳಿತು ಆ ಸತ್ತ ಯಂತ್ರಕ್ಕೆ ‘ಎಡ್‌ಟ್ರಿಸ್’ ಎಂಬ ಹೊಸ ಆಟ ಬರೆದ. ಅವನ ಹಿಂದೆ ಇನ್ನೂ ಹಲವರು ಬಂದರು. ಮೈಕ್ರೊಸಾಫ್ಟಿನ ಆಟಗಳ ವಿಭಾಗದಲ್ಲಿ ಉಪಾಧ್ಯಕ್ಷನಾಗಿದ್ದ ಎಡ್ ಫ್ರೈಸ್, ಆ ಹುದ್ದೆ ಬಿಟ್ಟು ಕೆಲವು ವರ್ಷಗಳಾದ ಮೇಲೆ, 2010ರಲ್ಲಿ ‘ಹೇಲೋ’ ಎಂಬ ಭಾರಿ ಆಟವನ್ನು ನಾಲ್ಕು ಸಾವಿರ ಬೈಟುಗಳಿಗೆ ಇಳಿಸಿ ‘ಹೇಲೋ 2600’ ಬರೆದ. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಕಲಾ ಸಂಗ್ರಹಾಲಯ 2013ರಲ್ಲಿ ಅದನ್ನು ತನ್ನ ಕಾಯಂ ಸಂಗ್ರಹಕ್ಕೆ ಸೇರಿಸಿಕೊಂಡಿತು. 2023ರಲ್ಲಿ ಅಟಾರಿ ಹೆಸರಿನ ಈಗಿನ ಒಡೆಯರು, ಇಂಥ ಒಂಟಿ ಲೇಖಕರ ಆಟಗಳನ್ನು ಮಾರುತ್ತಿದ್ದ ಅಟಾರಿ ಏಜ್ ಸಂಸ್ಥೆಯನ್ನೇ ಕೊಂಡುಕೊಂಡರು. ನಾಲ್ವತ್ತು ವರ್ಷದ ಹಿಂದೆ ಅದೇ ಹೆಸರಿನ ಕಂಪೆನಿ ಇಂಥವರನ್ನು ನ್ಯಾಯಾಲಯಕ್ಕೆ ಎಳೆದಿತ್ತು.

ನಮ್ಮ ಹಳದಿ ಕ್ಯಾಸೆಟ್ಟಿನಲ್ಲಿ ನನಗೂ ತಮ್ಮನಿಗೂ ಪ್ರಿಯವಾದದ್ದು ಟ್ಯಾಂಕುಗಳ ಒಂದು ಆಟ. ರಜೆಯ ಮಧ್ಯಾಹ್ನಗಳನ್ನೆಲ್ಲ ಅದರಲ್ಲಿ ಕಳೆದೆವು. ಅದು ಜಪಾನಿನ ನಾಮ್ಕೊ ಕಂಪೆನಿ 1985ರಲ್ಲಿ ಮಾಡಿದ ‘ಬ್ಯಾಟಲ್ ಸಿಟಿ’ ಎಂದು ನನಗೆ ತಿಳಿಯುವ ಹೊತ್ತಿಗೆ ತಲೆಗೂದಲು ನೆರೆಯತೊಡಗಿತ್ತು. ಅಪ್ಪ ಆ ದಿನ ಅಂಗಡಿಯಲ್ಲಿ ಎಣಿಸಿಕೊಟ್ಟ ನೋಟುಗಳಲ್ಲಿ ಒಂದು ಪೈಸೆಯೂ ಅದನ್ನು ಕಟ್ಟಿದವರ ಕೈ ಸೇರಲಿಲ್ಲ. ನಾವು ಮಕ್ಕಳು, ನಮಗೇನು ಗೊತ್ತಿತ್ತು ಎನ್ನಬಹುದು. ಈಗ ಗೊತ್ತಿದೆ. ಯಾವ ಆಟವನ್ನಾಗಲಿ ಕೈಗೆತ್ತಿಕೊಂಡಾಗ, ಬರೆದವರ ಹೆಸರು ಎಲ್ಲಾದರೂ ಇದೆಯೇ ಎಂದು ಮೊದಲು ತಿರುಗಿಸಿ ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿದೆ.