ಭೂದೃಶ್ಯ ಛಾಯಾಗ್ರಹಣ: ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು

ನೆಲ, ನೀರು, ಮರ, ಆಕಾಶಗಳನ್ನು ಬೆಳಕಿನ ಹದ ನೋಡಿ ಸೆರೆಹಿಡಿಯುವ ಹವ್ಯಾಸ. ಹಾವೇರಿ ಜಿಲ್ಲೆಯ ಈ ತಾಲ್ಲೂಕುಗಳಲ್ಲಿ ಮಲೆನಾಡಿನ ಸೆರಗೂ ಬಯಲುಸೀಮೆಯೂ ಕೂಡುತ್ತವೆ.

ಇಲ್ಲಿನ ಅತಿ ಶ್ರೇಷ್ಠ ವಸ್ತು ಸವಣೂರಿನ ದೊಡ್ಡಹುಣಸೆ ಕಲ್ಮಠದ ಬಾವೊಬಾಬ್ ಮರಗಳು. ಇವು ಆಫ್ರಿಕಾ ಮೂಲದವು. ಮೂರರಲ್ಲಿ ಒಂದು 2023ರ ಜುಲೈನಲ್ಲಿ ಬುಡಸಮೇತ ಉರುಳಿತು. ಅದನ್ನು ಮತ್ತೆ ನೆಟ್ಟು ನಿಲ್ಲಿಸಲಾಯಿತು. ಎಲೆ ಉದುರಿದ ಕಾಲದಲ್ಲಿ ಕೊಂಬೆಗಳ ಹೆಣಿಗೆ ಸ್ಪಷ್ಟವಾಗಿರುತ್ತದೆ. ಆನೆಯ ಚರ್ಮದಂಥ ಬೂದು ತೊಗಟೆಯ ಸುಕ್ಕುಗಳು ಓರೆಯಾಗಿ ಬೀಳುವ ಎಳೆಬಿಸಿಲಿನಲ್ಲಿ ಎದ್ದು ಕಾಣುತ್ತವೆ. ವೈಡ್ ಆಂಗಲ್ ಲೆನ್ಸನ್ನು ಹತ್ತಿರದಿಂದ ಮೇಲಕ್ಕೆತ್ತಿದರೆ ಕಾಂಡ ಹಿಂದಕ್ಕೆ ವಾಲಿದಂತಾಗುತ್ತದೆ. ಜಾಗವಿದ್ದರೆ 35ರಿಂದ 50 ಮಿ.ಮೀ. ಲೆನ್ಸ್ ಹಾಕಿ ಹಿಂದೆ ಸರಿಯುವುದೇ ಮೇಲು.

ಹಿರೇಕೆರೂರು ಕಡೆಯ ಮದಗ-ಮಾಸೂರು ಕೆರೆಯ ಚಿತ್ರಕ್ಕೆ ಟ್ರೈಪಾಡ್ ಬೇಕು. ನೀರಿನ ಹೊಳಪು ತಗ್ಗಿಸಲು ಪೋಲರೈಸರ್ ಫಿಲ್ಟರ್ ಸಹಾಯಕ. ಶಿಗ್ಗಾಂವಿ ತಾಲ್ಲೂಕಿನಲ್ಲಿ ಸೆರೆಹಿಡಿಯಲು ಬಂಕಾಪುರದ ಕೋಟೆಯಿದೆ.

ಚಿತ್ರವನ್ನು ರಾ (ಕ್ಯಾಮೆರಾ ಸಂಸ್ಕರಿಸದ) ಕಡತವಾಗಿ ಉಳಿಸಿಕೊಂಡರೆ ಬೆಳ್ಳಗಾದ ಮೋಡ, ಕಪ್ಪಾದ ದಡಗಳನ್ನು ತಕ್ಕಮಟ್ಟಿಗೆ ಸರಿಪಡಿಸಬಹುದು. ಉಚಿತ ತಂತ್ರಾಂಶ ಡಾರ್ಕ್‌ಟೇಬಲ್ ಇದಕ್ಕೆ ಸಾಕು. ಹಾನಗಲ್ಲಿನ ಭತ್ತದ ಗದ್ದೆಯ ಹಸಿರನ್ನು ಇನ್ನಷ್ಟು ಗಾಢಗೊಳಿಸುವ ಚಟ ಮಾತ್ರ ಚಿತ್ರವನ್ನು ಕೆಡಿಸುತ್ತದೆ. ಅಲ್ಲಿನ ತಾರಕೇಶ್ವರ ದೇವಾಲಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವುದರಿಂದ ಟ್ರೈಪಾಡ್ ಹೂಡುವ ಮುನ್ನ ಅನುಮತಿ ಪಡೆಯಬೇಕು.