ಕಡತದ ತಲೆಬರಹ

ಹಿಂದೆ ನಮ್ಮ ಮನೆಗೆ ಅಂಚೆಯವನು ತಂದ ಕಾಗದವನ್ನು ಒಡೆಯುವ ಮೊದಲೇ ಅದರ ಸಂಗತಿ ತಿಳಿಯುತ್ತಿತ್ತು. ಮೂಲೆಗೆ ಅರಿಸಿನ ಕುಂಕುಮ ಹಚ್ಚಿದ್ದರೆ ಮದುವೆ ಎಂದೇ ಅರ್ಥ. ಕಲ್ಲಿನ ಮೇಲೆ 'ಸ್ವಸ್ತಿ' ಎಂಬ ಮೊದಲ ಪದ ಕಂಡರೆ ಶಾಸನವನ್ನು ಬಲ್ಲವರು ಮುಂದಿನ ಸಾಲುಗಳ ರೀತಿಯನ್ನು ಊಹಿಸಬಲ್ಲರು. ಗಣಕಯಂತ್ರದ ಕಡತಗಳಿಗೂ ಇಂಥ ತಲೆಬರಹವುಂಟೆಂಬುದು ನನಗೆ ತಿಳಿದದ್ದು ಈಚೆಗೆ. ಅದೂ ಒಂದು ದುಃಖದ ಸಂದರ್ಭದಲ್ಲಿ.

ನನ್ನ ಅಣ್ಣ ತೀರಿಕೊಂಡ ಮೇಲೆ ಅವನ ಹಳೆಯ ಗಣಕಯಂತ್ರ ನನ್ನ ಪಾಲಿಗೆ ಬಂತು. ಅದರ ಡಿಸ್ಕು ಕೆಟ್ಟಿತ್ತು. ವಿಷಯ ಬಲ್ಲ ಹುಡುಗನೊಬ್ಬನು ನೂರಾರು ಕಡತಗಳನ್ನು ಹೊರತೆಗೆದನಾದರೂ ಒಂದಕ್ಕೂ ಹೆಸರು ಉಳಿದಿರಲಿಲ್ಲ. ನಾನು ಕೈಚೆಲ್ಲಿ ಕುಳಿತೆ. "ಹೆಸರು ಹೋದರೇನು ಸಾರ್, ತಲೆ ಇದೆಯಲ್ಲ" ಎಂದನು ಅವನು.

ಈ ತಲೆಯ ಕಥೆ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದ ಯೂನಿಕ್ಸ್ ವ್ಯವಸ್ಥೆಗೆ ಸೇರಿದ್ದು. 1970ರ ದಶಕದ ಆರಂಭದಲ್ಲಿ ಅದು ಪಿಡಿಪಿ-11 ಎಂಬ ಯಂತ್ರದ ಮೇಲೆ ನಡೆಯುತ್ತಿತ್ತು. ಅಲ್ಲಿನ ಕಾರ್ಯಕ್ರಮದ ಕಡತಗಳ ಆರಂಭದಲ್ಲಿ ಎಂಟರ ಮೂಲದ ಎಣಿಕೆಯಲ್ಲಿ 407 ಎಂಬ ಸಂಖ್ಯೆ ಇರುತ್ತಿತ್ತು. ಅದು ಗುರುತಿನ ಚೀಟಿಯಲ್ಲ, ಯಂತ್ರಕ್ಕೆ ಕೊಟ್ಟ ಆಜ್ಞೆ: "ಮುಂದಿನ ಏಳು ಪದಗಳನ್ನು ದಾಟಿ ಹೋಗು." ಕಡತದ ವಿವರಗಳನ್ನು ಬಿಟ್ಟು ನೇರವಾಗಿ ಕೆಲಸಕ್ಕೆ ತೊಡಗಲು ಮಾಡಿದ ಉಪಾಯವದು. ಮುಂದೆ ಆ ಜಿಗಿತದ ಅಗತ್ಯ ತಪ್ಪಿತು. ಸಂಖ್ಯೆ ಮಾತ್ರ ಗುರುತಾಗಿ ನಿಂತಿತು. ಇಂಥವಕ್ಕೆ 'ಮ್ಯಾಜಿಕ್ ನಂಬರ್' ಎಂಬ ಹೆಸರೂ ಬಂತು. 1973ರಲ್ಲಿ, ಯೂನಿಕ್ಸಿನ ನಾಲ್ಕನೆಯ ಆವೃತ್ತಿಯಲ್ಲಿ, ಕಡತದ ಒಳಗನ್ನು ನೋಡಿ ಅದು ಯಾವ ಬಗೆಯದೆಂದು ಹೇಳುವ 'ಫೈಲ್' ಎಂಬ ಆಜ್ಞೆ ಕಾಣಿಸಿಕೊಂಡಿತು. 1986ರಲ್ಲಿ ಇಯಾನ್ ಡಾರ್ವಿನ್ ಎಂಬವರು ಅದನ್ನು ಹೊಸದಾಗಿ ಬರೆದು ಎಲ್ಲರಿಗೂ ದೊರೆಯುವಂತೆ ಮಾಡಿದರು.

ಈ ಗುರುತುಗಳಲ್ಲಿ ಮನುಷ್ಯರ ನೆರಳೂ ಇದೆ. ಡಾಸ್ ಕಾಲದ ಕಾರ್ಯಕ್ರಮಗಳು 'ಎಂಜ಼ೆಡ್' ಎಂದು ಮೊದಲಾಗುತ್ತವೆ. ಅವು ಮಾರ್ಕ್ ಜ಼್ಬಿಕೋವ್‌ಸ್ಕಿಯ ಹೆಸರಿನ ಮೊದಲಕ್ಷರಗಳು. 1989ರಲ್ಲಿ ಬಂದ ಜ಼ಿಪ್ ಕಡತದ ತಲೆಯಲ್ಲಿರುವ 'ಪಿಕೆ' ಎಂಬುದು ಫಿಲ್ ಕ್ಯಾಟ್ಜ಼್‌ನ ಗುರುತು. 1990ರ ದಶಕದ ನಡುವೆ ರೂಪುಗೊಂಡ ಪಿಎನ್‌ಜಿ ಚಿತ್ರದ ಗುರುತು ಇನ್ನೂ ಜಾಣತನದ್ದು. ಅದರ ಮೊದಲ ಬೈಟು 137. ಏಳೇ ಬಿಟ್ಟುಗಳನ್ನು ಸಾಗಿಸುವ ದಾರಿಯಲ್ಲಿ ಅದು ಕೆಡುತ್ತದೆ. ಸಾಲು ಮುರಿಯುವ ಚಿಹ್ನೆಗಳೂ ಅದರಲ್ಲಿವೆ. ಯಾರಾದರೂ ಕಡತವನ್ನು ಬರಹವೆಂದು ತಿಳಿದು ಅವನ್ನು ತಿದ್ದಿದರೆ ತಪ್ಪು ಕೂಡಲೇ ಹೊರಬೀಳುತ್ತದೆ. ಅರಗಿನ ಮುದ್ರೆ ಒಡೆದ ಲಕೋಟೆಯಂತೆ!

ನಮ್ಮ ಹುಡುಗ ಒಂದೊಂದೇ ಕಡತದ ತಲೆ ನೋಡುತ್ತ ಹೋದನು. 255, 216 ಎಂಬ ಬೈಟುಗಳಿಂದ ಮೊದಲಾದವೆಲ್ಲ ಜೆಪೆಗ್ ಛಾಯಾಚಿತ್ರಗಳು. ತೆರೆದರೆ ನಮ್ಮ ತಾಯಿ, ಹಿತ್ತಿಲ ಬಾವಿ, ಅಣ್ಣನ ಮಗಳ ನಾಮಕರಣ.

ಕೊನೆಗೆ ಕೆಲವು ಉಳಿದವು. ಅವು ಬರಿಯ ಬರಹದ ಕಡತಗಳು. ಅವಕ್ಕೆ ಸಾಮಾನ್ಯವಾಗಿ ತಲೆಬರಹವೇ ಇರುವುದಿಲ್ಲ. ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು. ಯೂನಿಕೋಡ್ ರೂಢಿಗೆ ಬರುವ ಮುನ್ನ ಕನ್ನಡವನ್ನು ಬರೆದಿಡುತ್ತಿದ್ದುದೇ ಹಾಗೆ: ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸಿದ ಫಾಂಟುಗಳು. ಯಾವ ಫಾಂಟೆಂದು ತಿಳಿಯದೆ ಓದುವಂತಿಲ್ಲ. ಬರಿಯ ಬರಹ ಅದನ್ನು ಹೇಳುವುದಿಲ್ಲ. ಯಂತ್ರದ ವಿದ್ಯೆ ಇಲ್ಲಿಗೆ ನಿಂತಿತು.

ಹಳೆಯ ಫಾಂಟುಗಳನ್ನು ಒಂದೊಂದಾಗಿ ಹಾಕಿ ನೋಡಿದೆವು. ಮೂರನೆಯದರಲ್ಲಿ, ಎಲ್ಲ ಕಡತಗಳ ನೆತ್ತಿಯ ಮೇಲೂ ಒಂದೇ ಅಕ್ಷರ ಮೂಡಿತು: 'ಶ್ರೀ'. ಅಣ್ಣ ಏನು ಬರೆದರೂ ಮೊದಲು ಅದನ್ನು ಬರೆಯುತ್ತಿದ್ದನು. ಕೆಳಗೆ, ನನಗೆಂದು ಬರೆದು ಕಳುಹಿಸದೆ ಉಳಿದ ಕಾಗದ. ಅದನ್ನು ಇಂದಿಗೂ ಪೂರ್ತಿ ಓದಿ ಮುಗಿಸಲು ನನ್ನಿಂದಾಗಿಲ್ಲ.