ಚಿಯಾಂಗ್ ಮಾಯ್ (ನಗರದ ಇತಿಹಾಸ)

ಉತ್ತರ ಥಾಯ್ಲೆಂಡಿನಲ್ಲಿ ದೋಯ್ ಸುಥೆಪ್ ಬೆಟ್ಟಕ್ಕೂ ಪಿಂಗ್ ನದಿಗೂ ನಡುವೆ ಹರಡಿರುವ ನಗರ. ಹಿಂದಿನ ಲಾನ್ನಾ ರಾಜ್ಯದ ರಾಜಧಾನಿ. ದೊರೆ ಮಂಗ್ರಾಯ್ ಇದನ್ನು 1296ರಲ್ಲಿ ಕಟ್ಟಿಸಿದ. ಅವನ ಹಿಂದಿನ ರಾಜಧಾನಿ ವಿಯಾಂಗ್ ಕುಮ್ ಕಾಮ್ ನದಿಯ ಮಗ್ಗುಲಲ್ಲೇ ಇದ್ದು ನೆರೆಗೆ ಸಿಕ್ಕಿ ನಲುಗುತ್ತಿತ್ತು. ಕಾಲಾಂತರದಲ್ಲಿ ಹೂಳಿನಡಿ ಮರೆಯಾದ ಆ ಪಟ್ಟಣದ ಉತ್ಖನನ 1984ರಲ್ಲಿ ಆರಂಭವಾಯಿತು.

ತಿಲೋಕರಾಜನ ಕಾಲ (1441–1487) ಲಾನ್ನಾದ ಏಳಿಗೆಯ ಕಾಲ. ಚೇದಿ ಲುವಾಂಗ್ ಸ್ತೂಪವನ್ನು ಅವನು ಪೂರ್ಣಗೊಳಿಸಿದ. ಬುದ್ಧಗಯೆಯ ಮಹಾಬೋಧಿ ದೇಗುಲದ ಮಾದರಿಯಲ್ಲಿ ಚೇತ್ ಯೋತ್ ವಿಹಾರವೂ ಎದ್ದಿತು. 1545ರ ಭೂಕಂಪದಲ್ಲಿ ಸ್ತೂಪದ ಶಿಖರ ಕುಸಿಯಿತು. 1558ರಲ್ಲಿ ಬರ್ಮಾದ ಬಯಿನ್ನೌಂಗ್ ನಗರವನ್ನು ಗೆದ್ದ ಮೇಲೆ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಇಲ್ಲಿ ಬರ್ಮೀಯರದೇ ಮೇಲುಗೈ.

ಪ್ರವಾಸಿ ಪುಸ್ತಕಗಳು ಮಂಗ್ರಾಯ್‌ನನ್ನು ಕೊಂಡಾಡುತ್ತವೆ. ಇಂದಿನ ಊರು ಹೆಚ್ಚು ಋಣಿಯಾಗಿರುವುದು ಕಾವಿಲನಿಗೆ. 1770ರ ದಶಕದ ಯುದ್ಧಗಳಲ್ಲಿ ಬರ್ಮೀಯರ ಹಿಡಿತ ತಪ್ಪಿತು, ಜೊತೆಗೆ ಊರೂ ಪಾಳುಬಿತ್ತು. ಸುಮಾರು ಎರಡು ದಶಕ ಇಲ್ಲಿ ಒಲೆ ಹಚ್ಚುವವರಿರಲಿಲ್ಲ. ಸಯಾಮಿನ ಅಧೀನ ಅರಸನಾಗಿದ್ದ ಕಾವಿಲ 1796ರಲ್ಲಿ ಒಳಹೊಕ್ಕು ಕೋಟೆಯನ್ನು ಮತ್ತೆ ಕಟ್ಟಿಸಿದ. ಜನರನ್ನು ತಂದದ್ದು ಮಾತ್ರ ದಂಡೆತ್ತಿ ಹೋಗಿ. ಸಾಲ್ವಿನ್ ನದಿಯ ಕಡೆಯಿಂದಲೂ ಕೆಂಗ್ಟುಂಗ್‌ನಿಂದಲೂ ಊರಿಗೂರೇ ಎತ್ತಿ ತಂದು ನೆಲೆಗೊಳಿಸಿದ. ಕುಶಲಕರ್ಮಿಗಳಿಗೆ ಕೋಟೆಯ ಅಂಚಿನಲ್ಲೇ ಜಾಗ ಸಿಕ್ಕಿತು. ವುವಾ ಲಾಯ್ ಕೇರಿಯ ಬೆಳ್ಳಿ ಕೆಲಸದವರು ಹೀಗೆ ಬಂದವರ ಸಂತತಿ. ಇಂದು ‘ಸ್ಥಳೀಯ ಪರಂಪರೆ’ ಎಂದು ಮಾರಾಟವಾಗುವ ಕಸುಬಿನ ಹಿಂದೆ ಈ ಬಲವಂತದ ವಲಸೆಯಿದೆ.

19ನೇ ಶತಮಾನದಲ್ಲಿ ತೇಗದ ಮರಕ್ಕಾಗಿ ಬ್ರಿಟಿಷ್ ಕಂಪನಿಗಳು ಬಂದವು. ಯುನ್ನಾನಿನ ಮುಸ್ಲಿಂ ವ್ಯಾಪಾರಿಗಳು ಹೇಸರಗತ್ತೆಗಳ ಮೇಲೆ ಸರಕು ಹೇರಿಕೊಂಡು ಬರುತ್ತಿದ್ದರು. ಊರಿನ ಹೆಸರಾಂತ ಖಾವ್ ಸೋಯ್ ಶ್ಯಾವಿಗೆಗೆ ಅವರ ಅಡುಗೆಯ ನಂಟಿದೆ. ಬ್ಯಾಂಕಾಕ್ ಆಡಳಿತ ಕ್ರಮೇಣ ಬಿಗಿಯಾಯಿತು. 1,352 ಮೀಟರ್ ಉದ್ದದ ಖುನ್ ತಾನ್ ಸುರಂಗ ಕೊರೆದ ಬಳಿಕ, 1920ರ ದಶಕದ ಆರಂಭದಲ್ಲಿ, ರೈಲು ತಲುಪಿತು.

ಬೆಟ್ಟದ ಮೇಲಿನ ದೋಯ್ ಸುಥೆಪ್ ದೇಗುಲಕ್ಕೆ ರೈಲು ಬಂದ ಮೇಲೂ ಕಾಲ್ನಡಿಗೆಯೇ ಗತಿಯಾಗಿತ್ತು. ಸರ್ಕಾರದ ಅವಕೃಪೆಗೆ ಪಾತ್ರನಾಗಿದ್ದ ಭಿಕ್ಷು ಖ್ರೂಬಾ ಸೀವಿಚಾಯ್ ಕರೆಕೊಟ್ಟಾಗ ಸಾವಿರಾರು ಮಂದಿ ಗುದ್ದಲಿ ಹಿಡಿದು ಬಂದರು. 1934ರ ನವೆಂಬರಿನಲ್ಲಿ ಶುರುವಾದ ರಸ್ತೆ 1935ರ ಏಪ್ರಿಲ್‌ನಲ್ಲಿ ಮುಗಿಯಿತು.

ಹಳೆಯ ಊರನ್ನು ಸುತ್ತುವರಿದ ಚೌಕಾಕಾರದ ಕಂದಕ ಉಳಿದಿದೆ. ಗೋಡೆಯ ಬಹುಭಾಗವನ್ನು 20ನೇ ಶತಮಾನದಲ್ಲಿ ಕೆಡವಲಾಯಿತು. ಜನ ಫೋಟೋ ತೆಗೆಸಿಕೊಳ್ಳುವ ಥಾ ಫೇ ಬಾಗಿಲು 1980ರ ದಶಕದ ಮರುನಿರ್ಮಾಣ.